ಆಪ್ಟ್ ಲಾಕ್ ಬಿಡುತ್ತಿಲ್ಲ: ಸಂಘದ ಗ್ರಂಥಾಲಯದ ಕಂಪ್ಯೂಟರ್, ಲಾಕ್ ಫೈಲ್ ಅಳಿಸಬಹುದಾ?

ಓದುಗಿ_ಡೊಂಬಿವಲಿ · ಭಾನುವಾರ ಬೆಳಗ್ಗೆ 10:20

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಸಂಘದ ಗ್ರಂಥಾಲಯ ನೋಡಿಕೊಳ್ಳುವವಳು ನಾನು. ಮೂರು ಸಾವಿರದಷ್ಟು ಪುಸ್ತಕಗಳಿವೆ, ಹೆಚ್ಚಿನವು ಊರಿಗೆ ವಾಪಸ್ ಹೋದ ಹಿರಿಯರು ಕೊಟ್ಟು ಹೋದದ್ದು. ಎಲ್ಲವನ್ನೂ ಕೊಹಾ ಎಂಬ ತಂತ್ರಾಂಶದಲ್ಲಿ ದಾಖಲು ಮಾಡಿದ್ದೇವೆ. ಕಂಪ್ಯೂಟರ್ ಹಳೆಯದು, ಅದರಲ್ಲಿರುವುದು ಡೆಬಿಯನ್ 11 ಅನ್ನುವ ಲಿನಕ್ಸ್.

ಇವತ್ತು ಮಧ್ಯಾಹ್ನ 3 ಗಂಟೆಗೆ ಮಕ್ಕಳ ಕನ್ನಡ ಕ್ಲಾಸ್ ಇದೆ. ಕಾಗುಣಿತದ ಹಾಳೆ ಪ್ರಿಂಟ್ ಮಾಡಲು ಗುಬ್ಬಿ, ನವಿಲು ಫಾಂಟ್ ಹಾಕೋಣ ಅಂತ ಟರ್ಮಿನಲ್ ತೆರೆದು "ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಗುಬ್ಬಿ ಫಾಂಟ್ಸ್-ನವಿಲು" ಎಂದು ಕೊಟ್ಟೆ. ಆಪ್ಟ್ ಅಂದರೆ ತಂತ್ರಾಂಶದ ಪ್ಯಾಕೇಜ್‌ಗಳನ್ನು ತಂದು ಹಾಕುವ ಕಮಾಂಡ್. ಬಂದ ಸಾಲಿನ ಅರ್ಥ ಹೀಗಿದೆ: ಲಾಕ್‌ಗಾಗಿ ಕಾಯುತ್ತಿದೆ, /ವಾರ್/ಲಿಬ್/ಡಿಪಿಕೆಜಿ/ಲಾಕ್-ಫ್ರಂಟ್‌ಎಂಡ್ ಸಿಗುತ್ತಿಲ್ಲ, ಅದನ್ನು ಪ್ರೊಸೆಸ್ 4120 (ಆಪ್ಟ್) ಹಿಡಿದುಕೊಂಡಿದೆ. ಕೊನೆಗೆ ಸೆಕೆಂಡುಗಳು ಏರುತ್ತಾ ಹೋಗುತ್ತಿವೆ. 900 ದಾಟುವವರೆಗೆ ನೋಡಿ ನಿಲ್ಲಿಸಿದೆ.

ನಾನು ಬಂದಾಗ ಮಾನಿಟರ್ ಆಫ್ ಇತ್ತು, ಕಂಪ್ಯೂಟರ್ ಮಾತ್ರ ಓಡುತ್ತಲೇ ಇತ್ತು. ಫೋನಿನಲ್ಲಿ ಅಕ್ಕನ ಮಗನನ್ನು ಕೇಳಿದರೆ "ಆ ಲಾಕ್ ಫೈಲ್ ಅಳಿಸಿಬಿಡಿ ಚಿಕ್ಕಮ್ಮ, ಇಲ್ಲಾಂದ್ರೆ ಪ್ಲಗ್ ತೆಗೆದು ಹಾಕಿ" ಅನ್ನುತ್ತಾನೆ. ಮೂರು ಸಾವಿರ ಪುಸ್ತಕದ ಲೆಕ್ಕ ಅದರಲ್ಲಿದೆ. ಕೈ ನಡುಗುತ್ತದೆ. ಏನು ಮಾಡಲಿ?

ಘಾಟ್ಕೋಪರ್_ಟರ್ಮಿನಲ್ · 10:31

ಅಕ್ಕ, ಹೆದರಬೇಡಿ. ನನಗೆ ಎಷ್ಟೋ ಸಲ ಆಗಿದೆ. ಆರ್‌ಎಂ ಕೊಟ್ಟು ಮೂರು ಫೈಲ್ ಅಳಿಸಿ: ಡಿಪಿಕೆಜಿ ಫೋಲ್ಡರ್‌ನಲ್ಲಿ ಲಾಕ್ ಮತ್ತು ಲಾಕ್-ಫ್ರಂಟ್‌ಎಂಡ್, /ವಾರ್/ಕ್ಯಾಶ್/ಆಪ್ಟ್/ಆರ್ಕೈವ್ಸ್ ಒಳಗಿನ ಲಾಕ್. ಆಮೇಲೆ "ಡಿಪಿಕೆಜಿ --ಕಾನ್ಫಿಗರ್ -ಎ". ಐದು ನಿಮಿಷದ ಕೆಲಸ.

ಪಿಂಪ್ರಿ_ಸರ್ವರ್ · 10:34

ಮೇಡಮ್, ದಯವಿಟ್ಟು ಏನನ್ನೂ ಅಳಿಸಬೇಡಿ. ಪ್ಲಗ್ ಕೂಡ ಮುಟ್ಟಬೇಡಿ. ಎರಡು ನಿಮಿಷ ಕೊಡಿ, ವಿವರವಾಗಿ ಬರೆಯುತ್ತೇನೆ.

ಪಿಂಪ್ರಿ_ಸರ್ವರ್ · 10:47

ಮೊದಲು ಒಂದು ಸಮಾಧಾನದ ಮಾತು. ನಿಮಗೆ ಬಂದದ್ದು ದೋಷದ ಸಂದೇಶ ಅಲ್ಲ. "ಒಳಗೆ ಯಾರೋ ಕೆಲಸ ಮಾಡುತ್ತಿದ್ದಾರೆ, ಸ್ವಲ್ಪ ಇರಿ" ಅಂತ ಅದು ಹೇಳುತ್ತಿದೆ. ಯಾರು ಅಂತಲೂ ಹೇಳಿದೆ: ಪ್ರೊಸೆಸ್ 4120, ಅಂದರೆ ಓಡುತ್ತಿರುವ ಒಂದು ಪ್ರೋಗ್ರಾಂ. ಅದೇ ನಮಗೆ ಸಿಕ್ಕ ದೊಡ್ಡ ಸುಳಿವು.

ನಾವು ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುತ್ತೇವೆ ಅಲ್ವಾ? ಲಾಕ್ ಫೈಲ್ ಅಂದರೆ ಆ ಟವೆಲ್ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಟವೆಲ್ ಎತ್ತಿದರೆ ಸೀಟು ಖಾಲಿ ಅಂತ. ಡೆಬಿಯನ್, ಉಬುಂಟುಗಳಲ್ಲಿ ಹಾಗಿಲ್ಲ. ಅಲ್ಲಿ ಸೀಟಿನಲ್ಲಿ ಮನುಷ್ಯನೇ ಕೂತಿರುತ್ತಾನೆ. ಫೈಲ್ ಅಂದರೆ ಬರೀ ಸೀಟಿನ ನಂಬರ್ ಪ್ಲೇಟ್. ಆ ಫೈಲ್ ಸೊನ್ನೆ ಬೈಟ್ ಗಾತ್ರದಲ್ಲಿ ಯಾವಾಗಲೂ ಅಲ್ಲೇ ಇರುತ್ತದೆ, ಲಾಕ್ ಇದ್ದರೂ ಇಲ್ಲದಿದ್ದರೂ. ನಿಜವಾದ ಲಾಕ್ ಇರುವುದು ಲಿನಕ್ಸ್‌ನ ತಿರುಳಾದ ಕರ್ನೆಲ್ ಹತ್ತಿರ. ಯಾವ ಪ್ರೊಸೆಸ್ ಹಿಡಿದಿದೆಯೋ ಅದು ಮುಗಿದ ಅಥವಾ ಸತ್ತ ಕ್ಷಣ ಕರ್ನೆಲ್ ತಾನಾಗಿ ಬಿಟ್ಟುಕೊಡುತ್ತದೆ. ಹಾಗಾಗಿ ಹಳೇ ಲಾಕ್ ಉಳಿದುಹೋಗುವ ಪ್ರಶ್ನೆಯೇ ಇಲ್ಲಿ ಇಲ್ಲ. ಲಾಕ್ ಇದೆ ಅಂದರೆ ಯಾರೋ ಬದುಕಿದ್ದಾರೆ.

ಈಗ ಆ ಯಾರೋ ಯಾರು ಅಂತ ನೋಡೋಣ. ಕಮಾಂಡ್‌ಗಳನ್ನು ನಾನು ಕನ್ನಡದಲ್ಲಿ ಬರೆದರೂ ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

"ಪಿಎಸ್ -ಎಫ್‌ಪಿ 4120" ಕೊಡಿ. ಯಾವಾಗ ಶುರುವಾಯಿತು, ಯಾವ ಟರ್ಮಿನಲ್‌ನಲ್ಲಿ ಅಂತ ಬರುತ್ತದೆ. ಆಮೇಲೆ "ಪಿಎಸ್‌ಟ್ರೀ -ಪಿಎಸ್ 4120". ಇದು ವಂಶವೃಕ್ಷದ ಹಾಗೆ, ಅದನ್ನು ಹುಟ್ಟಿಸಿದ್ದು ಯಾರು, ಅದರ ಮಕ್ಕಳು ಯಾರು ಅಂತ ತೋರಿಸುತ್ತದೆ. ಕೊನೆಗೆ "ಟೇಲ್ /ವಾರ್/ಲಾಗ್/ಡಿಪಿಕೆಜಿ.ಲಾಗ್". ಡಿಪಿಕೆಜಿ ಅಂದರೆ ಆಪ್ಟ್‌ನ ಕೆಳಗೆ ಪ್ಯಾಕೇಜ್ ಹಾಕುವ ಪ್ರೋಗ್ರಾಂ, ಇದು ಅದರ ದಿನಚರಿ. ಅದರ ಕೊನೆಯ ಸಾಲಿನ ಸಮಯ ನೋಡಿ.

ಇವೆಲ್ಲ ಬರೀ ನೋಡುವ ಕಮಾಂಡ್‌ಗಳು, ಏನನ್ನೂ ಬದಲಿಸುವುದಿಲ್ಲ. ಧೈರ್ಯವಾಗಿ ಕೊಡಿ.

ಇನ್ನೊಂದು. ಇವತ್ತಿನ ಕ್ಲಾಸಿಗೆ ನಿಮಗೆ ಬೇಕಿರುವುದು ಫಾಂಟ್ ಅಷ್ಟೇ. ಬೇರೆ ಕಂಪ್ಯೂಟರ್‌ನಿಂದ ಗುಬ್ಬಿ, ನವಿಲುಗಳ ಟಿಟಿಎಫ್ ಫೈಲ್ ತಂದು, ನಿಮ್ಮ ಹೋಮ್ ಫೋಲ್ಡರ್ ಒಳಗೆ .ಲೋಕಲ್/ಶೇರ್/ಫಾಂಟ್ಸ್ ಅನ್ನುವ ಫೋಲ್ಡರ್ ಮಾಡಿ ಅಲ್ಲಿ ಹಾಕಿ. "ಎಫ್‌ಸಿ-ಕ್ಯಾಶ್" ಕೊಟ್ಟು ಲಿಬ್ರೆಆಫೀಸ್ ರೈಟರ್ ಮುಚ್ಚಿ ತೆರೆದರೆ ಫಾಂಟ್ ಬಂದಿರುತ್ತದೆ. ಅದಕ್ಕೆ ಆಪ್ಟ್ ಬೇಡವೇ ಬೇಡ. ಮಕ್ಕಳ ಹಾಳೆಗೆ ತೊಂದರೆ ಆಗಬಾರದು.

ಘಾಟ್ಕೋಪರ್_ಟರ್ಮಿನಲ್ · 10:55

ಅಣ್ಣ, ಗೌರವದಿಂದಲೇ ಕೇಳುತ್ತೇನೆ. ಅಳಿಸಿದರೆ ಲಾಕ್ ಹೋಗುವುದಿಲ್ಲ ಅಂತೀರಿ. ಆದರೆ ನನಗೆ ಪ್ರತಿ ಸಲ ಕೆಲಸ ಆಗಿದೆಯಲ್ಲ? ಅದು ಹೇಗೆ?

ಪಿಂಪ್ರಿ_ಸರ್ವರ್ · 11:08

ಒಳ್ಳೆಯ ಪ್ರಶ್ನೆ ತಮ್ಮಾ. ಎರಡು ದಾರಿಯಲ್ಲಿ ಆಗಿರಬಹುದು.

ಒಂದು, ನೀನು ಅಳಿಸುವ ಹೊತ್ತಿಗೆ ಹಿಂದಿನ ಕೆಲಸ ಮುಗಿದಿತ್ತು. ಸುಮ್ನೆ ಮತ್ತೆ ಕೊಟ್ಟಿದ್ದರೂ ಆಗುತ್ತಿತ್ತು.

ಎರಡನೆಯದು ಅಪಾಯದ್ದು. ಲಾಕ್ ಇರುವುದು ಫೈಲಿನ ಹೆಸರಿನ ಮೇಲಲ್ಲ, ಅದರ ಐನೋಡ್ ಮೇಲೆ, ಅಂದರೆ ಡಿಸ್ಕಿನಲ್ಲಿ ಆ ಫೈಲಿನ ನಿಜವಾದ ಗುರುತಿನ ಮೇಲೆ. ನೀನು ಅಳಿಸಿದಾಗ ಹೆಸರು ಮಾತ್ರ ಹೋಗುತ್ತದೆ. ಹಳೇ ಪ್ರೊಸೆಸ್ ಹಳೇ ಐನೋಡ್ ಹಿಡಿದುಕೊಂಡೇ ಇರುತ್ತದೆ. ನಿನ್ನ ಹೊಸ ಆಪ್ಟ್ ಅದೇ ಹೆಸರಿನಲ್ಲಿ ಹೊಸ ಫೈಲ್ ಮಾಡುತ್ತದೆ, ಅದಕ್ಕೆ ಹೊಸ ಐನೋಡ್, ಅದರ ಮೇಲೆ ಯಾರ ಲಾಕ್ ಕೂಡ ಇಲ್ಲ. ಈಗ ಇಬ್ಬರಿಗೂ "ಲಾಕ್ ನನ್ನದೇ" ಅನ್ನುವ ನಂಬಿಕೆ.

ಇಬ್ಬರೂ ಬರೆಯುವುದು ಒಂದೇ ಪುಸ್ತಕದಲ್ಲಿ, /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್. ಯಾವ ಪ್ಯಾಕೇಜ್ ಇದೆ, ಯಾವುದು ಅರ್ಧ ಆಗಿದೆ ಅಂತ ಪೂರ್ತಿ ಲೆಕ್ಕ ಅದರಲ್ಲೇ. ಡಿಪಿಕೆಜಿ ಹೊಸ ಪ್ರತಿ ಬರೆದು, ಹಳೆಯದನ್ನು ಸ್ಟೇಟಸ್-ಓಲ್ಡ್ ಅಂತ ಉಳಿಸಿ, ಹೊಸದನ್ನು ಅದರ ಜಾಗಕ್ಕೆ ತರುತ್ತದೆ. ಇಬ್ಬರು ಹೀಗೆ ಮಾಡಿದರೆ ಕೊನೆಗೆ ಬರೆದವನ ಪ್ರತಿ ಉಳಿಯುತ್ತದೆ, ಮೊದಲಿನವನು ಹಾಕಿದ ಪ್ಯಾಕೇಜ್‌ಗಳು ಲೆಕ್ಕದಿಂದಲೇ ಮಾಯ. ಡಿಸ್ಕಿನಲ್ಲಿ ಫೈಲ್ ಇರುತ್ತದೆ, ದಾಖಲೆಯಲ್ಲಿ ಇರುವುದಿಲ್ಲ. ಇದು ಅವತ್ತೇ ಗೊತ್ತಾಗುವುದಿಲ್ಲ. ಎರಡು ತಿಂಗಳ ಮೇಲೆ ಯಾವುದೋ ಅಪ್‌ಡೇಟ್ ಮುರಿದಾಗ ಗೊತ್ತಾಗುತ್ತದೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ.

ಲಾಕ್-ಫ್ರಂಟ್‌ಎಂಡ್ ಅನ್ನುವ ಎರಡನೇ ಫೈಲ್ ಬಂದದ್ದು ಕೂಡ ಇಂಥದೇ ಕಾರಣಕ್ಕೆ, 2018ರಲ್ಲಿ. ಆಪ್ಟ್ ತಾನು ಹಿಡಿದ ಲಾಕ್ ಬಿಟ್ಟು, ಡಿಪಿಕೆಜಿ ಅದನ್ನು ಹಿಡಿಯುವ ನಡುವೆ ಒಂದು ಸಣ್ಣ ಸಂದು ಇತ್ತು. ಆ ಸಂದಿನಲ್ಲಿ ಬೇರೆಯವರು ನುಗ್ಗಬಹುದಿತ್ತು. ಪೂರ್ತಿ ಕೆಲಸ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳಲು ಹೊರಗಿನ ಲಾಕ್ ಸೇರಿಸಿದರು. ಅಷ್ಟು ಸಣ್ಣ ಸಂದು ಮುಚ್ಚಲು ಅವರು ಇಷ್ಟು ಕಷ್ಟಪಟ್ಟಿರುವಾಗ ನಾವು ಗೋಡೆಯನ್ನೇ ಕೆಡವಬಾರದು.

ಓದುಗಿ_ಡೊಂಬಿವಲಿ · 11:15

ಕೊಟ್ಟೆ. ಮೊದಲನೆಯದರಲ್ಲಿ ಶುರುವಾದ ಸಮಯದ ಜಾಗದಲ್ಲಿ ಗಂಟೆ ಇಲ್ಲ, ನಿನ್ನೆಯ ತಾರೀಖು ಇದೆ! ಟರ್ಮಿನಲ್ ಪಿಟಿಎಸ್/1 ಅಂತಿದೆ. ನನ್ನದು ಪಿಟಿಎಸ್/0 ಅಂತ ತೋರಿಸುತ್ತದೆ. "ಆಪ್ಟ್ ಫುಲ್-ಅಪ್‌ಗ್ರೇಡ್" ಎಂದು ಬರೆದಿದೆ.

ಎರಡನೆಯದರಲ್ಲಿ ಸಾಲು ಉದ್ದ ಇದೆ: ಬ್ಯಾಶ್, ಸುಡೊ, ಆಪ್ಟ್, ಡಿಪಿಕೆಜಿ. ಲಾಗ್‌ನ ಕೊನೆಯ ಸಾಲು ನಿನ್ನೆ ರಾತ್ರಿ 8:31ರದ್ದು, ಅದರಲ್ಲಿ ಅಪಾಚೆ ಅನ್ನುವ ಹೆಸರಿದೆ.

ನಾನು ಅಪ್‌ಗ್ರೇಡ್ ಕೊಟ್ಟೇ ಇಲ್ಲ.

ಪಿಂಪ್ರಿ_ಸರ್ವರ್ · 11:19

ಸಿಕ್ಕಿತು ಮೇಡಮ್. ನಿನ್ನೆ ಸಂಜೆ ಬೇರೆ ಯಾರಾದರೂ ಈ ಕಂಪ್ಯೂಟರ್ ಮುಂದೆ ಕೂತಿದ್ದರಾ? "ಲಾಗಿನ್‌ಸಿಟಿಎಲ್ ಲಿಸ್ಟ್-ಸೆಷನ್ಸ್" ಕೊಟ್ಟು ನೋಡಿ, ಎರಡು ಹೆಸರು ಬರಬಹುದು.

ಡಿಪಿಕೆಜಿ ರಾತ್ರಿ 8:31ಕ್ಕೆ ನಿಂತಿದೆ. ಕೊಹಾದ ಪುಟಗಳನ್ನು ತೋರಿಸುವ ವೆಬ್ ಸರ್ವರ್ ಅಪಾಚೆ, ಅದರ ಹತ್ತಿರ ನಿಂತಿದೆ. ನನ್ನ ಅಂದಾಜು, ಅದು ಹಾಳಾಗಿಲ್ಲ. ಏನೋ ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುತ್ತಿದೆ.

ಓದುಗಿ_ಡೊಂಬಿವಲಿ · 11:26

ಹೌದು, ಎರಡು ಹೆಸರು! ನಮ್ಮಲ್ಲಿ ಕಾಲೇಜು ಓದುವ ಹುಡುಗನೊಬ್ಬ ಶನಿವಾರ ಬಂದು ಸಹಾಯ ಮಾಡುತ್ತಾನೆ. ಫೋನ್ ಮಾಡಿದೆ. "ಆಂಟಿ, ಡೆಬಿಯನ್ 11ರಿಂದ 12ಕ್ಕೆ ಅಪ್‌ಗ್ರೇಡ್ ಹಾಕಿದ್ದೆ, ಲೋಕಲ್ ತಪ್ಪುತ್ತೆ ಅಂತ ಸ್ಕ್ರೀನ್ ಲಾಕ್ ಮಾಡಿ ಓಡಿದೆ, ರಾತ್ರಿಯೇ ಮುಗಿದಿರುತ್ತೆ ಅಂದುಕೊಂಡೆ" ಅಂದ. ನಾನು ಬೆಳಗ್ಗೆ ಬಂದು ನನ್ನ ಹೆಸರಿನಲ್ಲಿ ಒಳಗೆ ಹೋಗಿದ್ದೇನೆ. ಅವನದು ಹಿಂದೆ ಹಾಗೇ ಉಳಿದಿದೆ.

ಥಾಣೆಯಿಂದ ಹೊರಟಿದ್ದಾನೆ. ಇವತ್ತು ಮೆಗಾಬ್ಲಾಕ್ ಬೇರೆ, ಹಳಿ ರಿಪೇರಿ ಅಂತ ಲೋಕಲ್ ರೈಲು ಕಡಿಮೆ, ಯಾವಾಗ ತಲುಪುತ್ತಾನೋ.

ಮಾಟುಂಗಾ_ಮೇಷ್ಟ್ರು · 11:34

ನಾನು ಹಿಂದೆ ಇಲ್ಲಿನ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದವನು. ಲಿನಕ್ಸ್ ಕಲಿಯುತ್ತಿದ್ದೇನೆ. ಒಂದು ಸಂದೇಹ. ಆ 4120 ಅನ್ನು ಕೊಂದುಬಿಟ್ಟರೆ ಲಾಕ್ ತಾನಾಗಿ ಬಿಡುತ್ತದೆ ಅಂದಿರಿ. ಹಾಗಾದರೆ ಹುಡುಗ ಬರುವವರೆಗೆ ಯಾಕೆ ಕಾಯಬೇಕು?

ಪಿಂಪ್ರಿ_ಸರ್ವರ್ · 11:45

ಮೇಷ್ಟ್ರೇ, ಲಾಕ್ ಬಿಡುತ್ತದೆ, ನಿಜ. ಆದರೆ ಅದು ಈಗ ಕೈಯಲ್ಲಿ ಹಿಡಿದಿರುವುದು 11ರಿಂದ 12ಕ್ಕೆ ಹೋಗುವ ದೊಡ್ಡ ಅಪ್‌ಗ್ರೇಡ್. ನೂರಾರು ಪ್ಯಾಕೇಜ್‌ಗಳು ಬಿಚ್ಚಿಕೊಂಡಿರುತ್ತವೆ, ಇನ್ನೂ ಹೊಂದಿಸಿರುವುದಿಲ್ಲ. ಅಡುಗೆಯ ನಡುವೆ ಒಲೆ ಆರಿಸಿದ ಹಾಗೆ. ಮತ್ತೆ ಹಚ್ಚಬಹುದು, ಆದರೆ ಕಾರಣವೇ ಇಲ್ಲದೆ ಯಾಕೆ ಆರಿಸಬೇಕು?

ಕೊಲ್ಲಲೇಬೇಕಾದ ಸಂದರ್ಭ ಬರುತ್ತದೆ. ದೂರದಿಂದ ಒಳಗೆ ಹೋಗುವ ಎಸ್‌ಎಸ್‌ಎಚ್ ಸಂಪರ್ಕ ಕಡಿದು, ಪ್ರಶ್ನೆ ಕೇಳುತ್ತಿರುವ ಟರ್ಮಿನಲ್ ಮತ್ತೆ ಸಿಗದೇ ಹೋದರೆ, ಉದಾಹರಣೆಗೆ. ಆಗ ಬರೀ "ಕಿಲ್ 4120". ಕಿಲ್ -9 ಮೊದಲ ಹೆಜ್ಜೆ ಅಲ್ಲ. ಬರೀ ಕಿಲ್ ಕೊಟ್ಟರೆ ಪ್ರೊಸೆಸ್‌ಗೆ ಕೈಯಲ್ಲಿದ್ದದ್ದನ್ನು ಕೆಳಗಿಡಲು ಅವಕಾಶ ಸಿಗುತ್ತದೆ. -9ರಲ್ಲಿ ಅದಿಲ್ಲ. ಆಪ್ಟ್ ಹೋದರೂ ಅದರ ಮಗು ಡಿಪಿಕೆಜಿ ಉಳಿದಿರಬಹುದು, ಅದನ್ನೂ ನೋಡಬೇಕು. ಎಲ್ಲ ಹೋದಮೇಲೆ "ಡಿಪಿಕೆಜಿ --ಕಾನ್ಫಿಗರ್ -ಎ", ನಂತರ "ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್", ಕೊನೆಗೆ "ಡಿಪಿಕೆಜಿ --ಆಡಿಟ್". ಆಡಿಟ್ ಏನೂ ಹೇಳದೆ ಸುಮ್ಮನಿದ್ದರೆ ಲೆಕ್ಕ ಸರಿಯಿದೆ ಅಂತ ಅರ್ಥ.

ಮೇಡಮ್, ಕಾಯುವ ಹೊತ್ತಿನಲ್ಲಿ ಒಂದು ಕೆಲಸ ಮಾಡಿ. ಕೊಹಾ ದಿನವೂ ತನ್ನ ಬ್ಯಾಕಪ್ ತೆಗೆದು /ವಾರ್/ಸ್ಪೂಲ್/ಕೊಹಾ ಒಳಗೆ ಇಡುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಜೊತೆಗೆ /ವಾರ್/ಬ್ಯಾಕಪ್ಸ್ ಫೋಲ್ಡರ್ ಕೂಡ, ಅದರಲ್ಲಿ ಡಿಪಿಕೆಜಿ.ಸ್ಟೇಟಸ್ ಫೈಲಿನ ಹಿಂದಿನ ದಿನಗಳ ಪ್ರತಿಗಳಿರುತ್ತವೆ. ಸ್ಟೇಟಸ್ ಫೈಲ್ ಕೆಟ್ಟೇಹೋದರೆ ಅದೇ ಗತಿ.

ವಾಸ್ಕೋ_ಮಳೆ · 11:58

ಪಿಂಪ್ರಿ ಅಣ್ಣಾರು ಹೇಳಿದ್ದು ಡೆಬಿಯನ್‌ಗೆ ಪೂರ್ತಿ ಸರಿ. ಆದರೆ ಆರ್ಚ್, ಮಂಜಾರೊ ಅನ್ನುವ ಬೇರೆ ಲಿನಕ್ಸ್ ಇಟ್ಟುಕೊಂಡವರು ಇದನ್ನು ಓದಿ ಗೊಂದಲ ಮಾಡಿಕೊಳ್ಳಬಾರದು, ಅದಕ್ಕೆ ಬರೆಯುತ್ತಿದ್ದೇನೆ.

ಅವುಗಳಲ್ಲಿ ಪ್ಯಾಕೇಜ್ ಹಾಕುವ ಪ್ಯಾಕ್‌ಮ್ಯಾನ್‌ನಲ್ಲಿ ಲಾಕ್ ಅಂದರೆ ನಿಜವಾಗಿಯೂ ಟವೆಲ್ಲೇ. /ವಾರ್/ಲಿಬ್/ಪ್ಯಾಕ್‌ಮ್ಯಾನ್/ಡಿಬಿ.ಎಲ್‌ಸಿಕೆ ಅನ್ನುವ ಫೈಲ್ ಇದ್ದರೆ ಲಾಕ್ ಇದೆ, ಇಲ್ಲದಿದ್ದರೆ ಇಲ್ಲ. ಕೂತವನು ನಡುದಾರಿಯಲ್ಲಿ ಇಳಿದುಹೋದರೂ ಟವೆಲ್ ಅಲ್ಲೇ ಉಳಿಯುತ್ತದೆ. ಬೇರೆ ಪ್ಯಾಕ್‌ಮ್ಯಾನ್ ಓಡುತ್ತಿಲ್ಲ ಅಂತ ಖಾತ್ರಿ ಇದ್ದರೆ ಇದನ್ನು ಅಳಿಸಿ ಅಂತ ಸಂದೇಶದಲ್ಲೇ ಹೇಳುತ್ತದೆ. ಜನ ಎರಡನೇ ಅರ್ಧ ಮಾತ್ರ ಓದುತ್ತಾರೆ. ಮೊದಲನೇ ಅರ್ಧವೇ ಮುಖ್ಯ. "ಪಿಎಸ್" ಕೊಟ್ಟು ನೋಡಬೇಕು, ಚಿತ್ರ ಇರುವ ಸಾಫ್ಟ್‌ವೇರ್ ಅಂಗಡಿ ಹಿಂದೆ ಓಡುತ್ತಿದೆಯಾ ಅಂತಲೂ ನೋಡಬೇಕು.

ನನ್ನದೇ ಕಥೆ ಹೇಳುತ್ತೇನೆ. ಹೋದ ಜೂನ್‌ನಲ್ಲಿ, ಮಳೆ ಸುರಿಯುತ್ತಿತ್ತು. ಬೈನಾದಲ್ಲಿ ನನ್ನ ರೂಮ್. "ಪ್ಯಾಕ್‌ಮ್ಯಾನ್ -ಎಸ್‌ವೈಯು" ಓಡುತ್ತಿರುವಾಗ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಎಂದೋ ಸತ್ತಿತ್ತು. ಕರೆಂಟ್ ಬಂದಮೇಲೆ ಡಿಬಿ.ಎಲ್‌ಸಿಕೆ ಇತ್ತು, ಅಳಿಸಿದೆ, ಅದು ಸರಿ. ಆದರೆ ಅಷ್ಟಕ್ಕೇ ಮುಗಿಯಿತು ಅಂದುಕೊಂಡು ರೀಬೂಟ್ ಮಾಡಿದೆ. ಕಪ್ಪು ಪರದೆ. ಹೊಸ ಕರ್ನೆಲ್ ಅರ್ಧ ಬಂದಿತ್ತು, ಬೂಟ್ ಇಮೇಜ್ ಕಟ್ಟುವ ಕೆಲಸ ಆಗಿರಲೇ ಇಲ್ಲ. ಕೆಲವು ಲೈಬ್ರರಿ ಫೈಲ್‌ಗಳು ಸೊನ್ನೆ ಬೈಟ್.

ಮಡಗಾಂವ್‌ನ ಗೆಳೆಯನಿಂದ ಪೆನ್‌ಡ್ರೈವ್ ತಂದು, ಅದರಿಂದ ಬೂಟ್ ಮಾಡಿ, ಆರ್ಚ್-ಕ್ರೂಟ್‌ನಿಂದ ಒಳಗೆ ಹೋಗಿ, ಪ್ಯಾಕ್‌ಮ್ಯಾನ್ ಲಾಗ್ ನೋಡಿ ಅವತ್ತು ಯಾವ್ಯಾವ ಪ್ಯಾಕೇಜ್ ಮುಟ್ಟಿತ್ತೋ ಅಷ್ಟನ್ನೂ ಮತ್ತೆ ಹಾಕಿದೆ. ಸೊನ್ನೆ ಬೈಟ್ ಫೈಲ್‌ಗಳು "ಅದಾಗಲೇ ಇದೆ" ಅಂತ ತಕರಾರು ಮಾಡಿದವು. ಅದಕ್ಕೆ --ಓವರ್‌ರೈಟ್ ಕೊಡಬೇಕಾಯಿತು. ಆಮೇಲೆ "ಪ್ಯಾಕ್‌ಮ್ಯಾನ್ -ಕ್ಯೂಕೆಕೆ" ಕೊಟ್ಟರೆ ಇನ್ನೂ ಯಾವ ಫೈಲ್ ಸರಿ ಇಲ್ಲ ಅಂತ ಹೇಳುತ್ತದೆ. ರೀಬೂಟ್ ಮಾಡುವ ಮೊದಲೇ ಈ ಪರೀಕ್ಷೆ ಮಾಡಿದ್ದರೆ ಎರಡು ದಿನ ಉಳಿಯುತ್ತಿತ್ತು. ಲಾಕ್ ಉಳಿದಿದೆ ಅಂದರೆ ಕೆಲಸವೂ ಅರ್ಧಕ್ಕೆ ಉಳಿದಿದೆ. ಟವೆಲ್ ತೆಗೆದ ಮೇಲೆ ಸೀಟನ್ನೂ ನೋಡಬೇಕು.

ಭೋಸರಿ_ಎರಡನೇಪಾಳಿ · 12:14

ಆರ್‌ಪಿಎಂ (ಸೆಂಟ್‌ಓಎಸ್, ಫೆಡೊರಾ ಲಿನಕ್ಸ್‌ಗಳಲ್ಲಿ ಪ್ಯಾಕೇಜ್ ಹಾಕುವುದು) ಕಡೆಯವರು ಯಾರೂ ಬರಲಿಲ್ಲ, ನಾನು ಸೇರಿಸುತ್ತೇನೆ. ಭೋಸರಿಯ ಒಂದು ಕಾರ್ಖಾನೆಯಲ್ಲಿ ಇನ್ನೂ ಸೆಂಟ್‌ಓಎಸ್ 7 ಓಡುತ್ತಿದೆ. 2024ರ ಜೂನ್ 30ಕ್ಕೆ ಅದರ ಬೆಂಬಲ ಮುಗಿದಿದೆ, ಬದಲಿಸಿ ಅಂತ ಬೇಡಿಕೊಳ್ಳುತ್ತಲೇ ಇದ್ದೇನೆ.

ಅಲ್ಲಿ ಲಾಕ್‌ನ ಕಾಟ ಬೇರೆ ಥರ. ಹಳೇ ಆರ್‌ಪಿಎಂ ತನ್ನ ಲೆಕ್ಕವನ್ನು ಬರ್ಕ್ಲಿ ಡಿಬಿ ಅನ್ನುವ ಡೇಟಾಬೇಸ್‌ನಲ್ಲಿ ಇಡುತ್ತದೆ. /ವಾರ್/ಲಿಬ್/ಆರ್‌ಪಿಎಂ ಒಳಗೆ __ಡಿಬಿ.001, 002 ಅಂತ ಫೈಲ್‌ಗಳಿರುತ್ತವೆ. ಯಾವುದಾದರೂ ಪ್ರೊಸೆಸ್ ನಡುವೆ ಸತ್ತರೆ ಅದರ ಲಾಕ್ ಆ ಫೈಲ್‌ಗಳಲ್ಲೇ ಉಳಿದುಬಿಡುತ್ತದೆ. ಆಮೇಲೆ ಬಂದ "ಆರ್‌ಪಿಎಂ -ಕ್ಯೂಎ" ಕೂಡ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಮ್ಮಲ್ಲಿ ಹತ್ತು ನಿಮಿಷಕ್ಕೊಮ್ಮೆ ಪ್ಯಾಕೇಜ್ ಎಣಿಸುವ ಒಂದು ಸ್ಕ್ರಿಪ್ಟ್ ಇತ್ತು. ಸೋಮವಾರ ಬೆಳಗ್ಗೆ ಹೋದರೆ ನಿಂತುಹೋದ ಆರ್‌ಪಿಎಂಗಳ ಉದ್ದ ಸಾಲು, ಒಂದರ ಹಿಂದೆ ಒಂದು.

ಪರಿಹಾರದ ಕ್ರಮ ಮುಖ್ಯ. ಮೊದಲು ಆ ಸ್ಕ್ರಿಪ್ಟ್ ನಿಲ್ಲಿಸಿ. ಸಿಕ್ಕಿಕೊಂಡ ಆರ್‌ಪಿಎಂ, ಯಮ್ ಪ್ರೊಸೆಸ್‌ಗಳನ್ನೆಲ್ಲ ಮುಗಿಸಿ. /ವಾರ್/ಲಿಬ್/ಆರ್‌ಪಿಎಂ ಪೂರ್ತಿ ಫೋಲ್ಡರ್ ನಕಲು ತೆಗೆದಿಡಿ. ಆಮೇಲೆ __ಡಿಬಿ ಅಂತ ಶುರುವಾಗುವ ಫೈಲ್‌ಗಳನ್ನು ಮಾತ್ರ ಅಳಿಸಿ. ಪ್ಯಾಕೇಜಸ್ ಅನ್ನುವ ಫೈಲ್ ಮುಟ್ಟಬಾರದು, ಲೆಕ್ಕ ಇರುವುದೇ ಅದರಲ್ಲಿ. ನಂತರ "ಆರ್‌ಪಿಎಂ --ರೀಬಿಲ್ಡ್‌ಡಿಬಿ". ಫೆಡೊರಾ 33ರಿಂದ, ಅಂದರೆ 2020ರಿಂದ, ಎಸ್‌ಕ್ಯೂಲೈಟ್‌ಗೆ ಬದಲಾಗಿದೆ. ಅಲ್ಲಿ ಈ __ಡಿಬಿ ಫೈಲ್‌ಗಳೇ ಇಲ್ಲ.

ಘಾಟ್ಕೋಪರ್_ಟರ್ಮಿನಲ್ · 12:22

ಪಿಂಪ್ರಿ ಅಣ್ಣ, ಒಪ್ಪಿದೆ. ನನ್ನ ಮೊದಲ ಉತ್ತರ ತಪ್ಪಾಗಿತ್ತು, ಯಾರೂ ಹಾಗೆ ಮಾಡಬೇಡಿ. ಈಗಷ್ಟೇ ನನ್ನ ಉಬುಂಟುನಲ್ಲಿ, ಯಾವ ಫೈಲ್ ಯಾರ ಕೈಯಲ್ಲಿದೆ ಅಂತ ತೋರಿಸುವ "ಸುಡೊ ಎಲ್‌ಎಸ್‌ಓಎಫ್" ಕೊಟ್ಟು ಲಾಕ್-ಫ್ರಂಟ್‌ಎಂಡ್ ನೋಡಿದೆ. ಆಪ್ಟ್ ಓಡುವಾಗ ಎಫ್‌ಡಿ ಕಾಲಮ್‌ನಲ್ಲಿ ಸಂಖ್ಯೆಯ ಪಕ್ಕ ದೊಡ್ಡ ಡಬ್ಲ್ಯೂ ಅಕ್ಷರ ಬರುತ್ತದೆ, ಮುಗಿದ ಕೂಡಲೇ ಸಾಲೇ ಮಾಯ. ಫೈಲ್ ಮಾತ್ರ ಅಲ್ಲೇ ಇದೆ. ಕಣ್ಣಾರೆ ನೋಡಿದ ಮೇಲೆ ಅರ್ಥ ಆಯಿತು.

ಇನ್ನೊಂದು ಕೇಳುವುದಿತ್ತು. ನನಗೆ ಜಾಸ್ತಿ ಕಾಡುವುದು ಬೆಳಗ್ಗೆ ಆನ್ ಮಾಡಿದ ತಕ್ಷಣ ಬರುವ, ತಾನಾಗಿ ಅಪ್‌ಡೇಟ್ ಹಾಕುವ ಅನ್‌ಅಟೆಂಡೆಡ್-ಅಪ್‌ಗ್ರೇಡ್‌ನ ಲಾಕ್. ಅದನ್ನು ತೆಗೆದುಹಾಕಲಾ?

ಪಿಂಪ್ರಿ_ಸರ್ವರ್ · 12:35

ತಮ್ಮಾ, ನೀನಾಗಿಯೇ ನೋಡಿ ತಿಳಿದುಕೊಂಡೆಯಲ್ಲ, ತುಂಬಾ ಸಂತೋಷ. ಎಲ್‌ಎಸ್‌ಓಎಫ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದನ್ನು ಹಾಕಲೂ ಆಗುವುದಿಲ್ಲ, ಲಾಕ್ ಇರುತ್ತದೆ. ಆಗ "ಕ್ಯಾಟ್ /ಪ್ರಾಕ್/ಲಾಕ್ಸ್" ಕೊಡು. ಪಿಐಡಿ (ಪ್ರೊಸೆಸ್‌ನ ನಂಬರ್) ಮತ್ತು ಐನೋಡ್ ಬರುತ್ತದೆ, "ಎಲ್‌ಎಸ್ -ಐ" ಕೊಟ್ಟು ಲಾಕ್ ಫೈಲಿನ ಐನೋಡ್ ಜೊತೆ ಹೊಂದಿಸಿ ನೋಡು.

ಅನ್‌ಅಟೆಂಡೆಡ್ ತೆಗೆಯಬೇಡ. ಭದ್ರತೆಯ ಅಪ್‌ಡೇಟ್ ತರುವುದೇ ಅದು. ಆಪ್ಟ್-ಡೈಲಿ ಮತ್ತು ಆಪ್ಟ್-ಡೈಲಿ-ಅಪ್‌ಗ್ರೇಡ್ ಅಂತ ಎರಡು ಟೈಮರ್‌ಗಳಿವೆ. ಕಂಪ್ಯೂಟರ್ ಆಫ್ ಇದ್ದಾಗ ಅವುಗಳ ಸರದಿ ತಪ್ಪಿದರೆ, ಆನ್ ಆದಮೇಲೆ ಬಾಕಿ ಕೆಲಸಕ್ಕೆ ಇಳಿಯುತ್ತವೆ. ವಾರಕ್ಕೊಮ್ಮೆ ಆನ್ ಮಾಡುವವರಿಗೆ ಅದಕ್ಕೇ ಹಾಗೆ ಕಾಣುವುದು. ಒಂದು ಟೀ ಕುಡಿದು ಬಂದರೆ ಸಾಕಾಗುತ್ತದೆ. ನಿಂತಿದೆಯೋ ಓಡುತ್ತಿದೆಯೋ ಅಂತ ಸಂದೇಹ ಬಂದರೆ /ವಾರ್/ಲಾಗ್ ಒಳಗಿನ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಲಾಗ್ ನೋಡು.

ಸ್ಕ್ರಿಪ್ಟ್ ಬರೆಯುವವರು ಆಪ್ಟ್-ಗೆಟ್ ಜೊತೆ "-ಓ ಡಿಪಿಕೆಜಿ::ಲಾಕ್::ಟೈಮ್‌ಔಟ್=600" ಸೇರಿಸಿ. ಹತ್ತು ನಿಮಿಷ ತಾಳ್ಮೆಯಿಂದ ಕಾಯುತ್ತದೆ. ದೂರದ ಸರ್ವರ್‌ನಲ್ಲಿ ಅಪ್‌ಗ್ರೇಡ್ ಮಾಡುವಾಗ ಟಿಮಕ್ಸ್ ಒಳಗೇ ಮಾಡಿ. ಸಂಪರ್ಕ ಕಡಿದರೂ ಪ್ರಶ್ನೆ ಕೇಳುವ ಪರದೆ ನಿಮಗಾಗಿ ಅಲ್ಲೇ ಇರುತ್ತದೆ.

ಓದುಗಿ_ಡೊಂಬಿವಲಿ · ಮಧ್ಯಾಹ್ನ 1:12

ಹುಡುಗ ಬಂದ! ಅವನ ಪಾಸ್‌ವರ್ಡ್ ಹಾಕಿದ ಕೂಡಲೇ ಕಪ್ಪು ಟರ್ಮಿನಲ್ ಬಂತು. ಪಿಂಪ್ರಿ ಸರ್ ಹೇಳಿದ ಹಾಗೇ ಒಂದು ಪ್ರಶ್ನೆ ರಾತ್ರಿಯಿಡೀ ನಿಂತಿತ್ತು. ಅಪಾಚೆಯ ಒಂದು ಸೆಟ್ಟಿಂಗ್ ಫೈಲನ್ನು ನೀವು ಬದಲಿಸಿದ್ದೀರಿ, ಪ್ಯಾಕೇಜ್‌ನಲ್ಲೂ ಹೊಸದು ಬಂದಿದೆ, ಯಾವುದು ಇರಲಿ ಅಂತ. ವೈ, ಐ, ಎನ್, ಓ, ಡಿ, ಝಡ್ ಅಂತ ಆಯ್ಕೆಗಳು. ಪಕ್ಕದಲ್ಲಿ ಕರ್ಸರ್ ಮಿಟುಕುತ್ತಿತ್ತು. ಹುಡುಗ ವೈ ಒತ್ತಲು ಹೋದ, ನಾನು ಕೈ ಹಿಡಿದುಕೊಂಡೆ. ಯಾವುದು ಒತ್ತಲಿ?

ಪಿಂಪ್ರಿ_ಸರ್ವರ್ · 1:14

ಒಳ್ಳೆಯದಾಯಿತು ತಡೆದದ್ದು. ಮೊದಲು ಡಿ ಒತ್ತಿ, ಎರಡರ ವ್ಯತ್ಯಾಸ ತೋರಿಸುತ್ತದೆ. ನಿಮ್ಮ ಕೊಹಾಕ್ಕೆ ಸಂಬಂಧಿಸಿದ ಸಾಲು ಇದೆಯಾ ನೋಡಿ. ಕ್ಯೂ ಒತ್ತಿದರೆ ವಾಪಸ್ ಪ್ರಶ್ನೆಗೆ ಬರುತ್ತೀರಿ.

ಓದುಗಿ_ಡೊಂಬಿವಲಿ · 1:19

"ಲಿಸನ್ 8080" ಅಂತ ಒಂದು ಸಾಲು ನಮ್ಮದರಲ್ಲಿದೆ, ಹೊಸದರಲ್ಲಿ ಇಲ್ಲ. ನಾನು ಪುಸ್ತಕ ಸೇರಿಸುವ ಪುಟ ತೆರೆಯುವುದು 8080ರಲ್ಲೇ!

ಪಿಂಪ್ರಿ_ಸರ್ವರ್ · 1:20

ಹಾಗಾದರೆ ಎನ್. ನಿಮ್ಮದೇ ಉಳಿಯುತ್ತದೆ. ಹೊಸದು ಕೂಡ ಎಲ್ಲೂ ಹೋಗುವುದಿಲ್ಲ, ಪಕ್ಕದಲ್ಲಿ .ಡಿಪಿಕೆಜಿ-ಡಿಸ್ಟ್ ಅನ್ನುವ ಹೆಸರಿನಲ್ಲಿ ಇರುತ್ತದೆ. ಆಮೇಲೆ ಬಿಡುವಾದಾಗ ಹೋಲಿಸಿ ನೋಡಬಹುದು. ಇಂಥ ಪ್ರಶ್ನೆ ಇನ್ನೂ ಒಂದೆರಡು ಬರಬಹುದು, ಹುಡುಗನಿಗೆ ಅಲ್ಲೇ ಕೂತಿರಲು ಹೇಳಿ.

ಮಾಟುಂಗಾ_ಮೇಷ್ಟ್ರು · 1:26

ಅಮ್ಮಾ, ಆ ಹುಡುಗನನ್ನು ಗದರಬೇಡಿ. ಭಾನುವಾರ ಮೆಗಾಬ್ಲಾಕ್‌ನಲ್ಲಿ ಥಾಣೆಯಿಂದ ಓಡಿಬಂದಿದ್ದಾನೆ. ಕೊಹಾ ಅನ್ನುವುದು ಮಾವೊರಿ ಭಾಷೆಯ ಮಾತು, ಅರ್ಥ ಕೊಡುಗೆ ಅಂತೆ. ಮೊನ್ನೆ ಓದಿದೆ. ಅದು ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ತಂತ್ರಾಂಶ. ನಿಮ್ಮ ಪುಸ್ತಕಗಳೂ ಕೊಡುಗೆ, ಅವನ ಶನಿವಾರಗಳೂ ಕೊಡುಗೆ.

ಓದುಗಿ_ಡೊಂಬಿವಲಿ · 2:41

ಗದರಲಿಲ್ಲ ಮೇಷ್ಟ್ರೇ, ಇಡ್ಲಿ ತಿನ್ನಿಸಿದೆ.

ಇನ್ನೂ ಎರಡು ಪ್ರಶ್ನೆ ಬಂದವು, ಎರಡಕ್ಕೂ ಡಿ ನೋಡಿ ಉತ್ತರ ಕೊಟ್ಟೆವು. 2:15ಕ್ಕೆ ಎಲ್ಲ ಮುಗಿಯಿತು. ಡಿಪಿಕೆಜಿ ಆಡಿಟ್ ಏನೂ ಹೇಳಲಿಲ್ಲ. ರೀಬೂಟ್ ಮಾಡಿದೆವು, ಡೆಬಿಯನ್ 12 ಬಂತು. 8080 ತೆರೆಯಿತು, ಒಂದು ಕಾದಂಬರಿಯ ಹೆಸರು ಹುಡುಕಿದೆ, ಸಿಕ್ಕಿತು. ಆಮೇಲೆ ಬೆಳಗ್ಗೆ ಕೊಟ್ಟ ಅದೇ ಕಮಾಂಡ್ ಮತ್ತೆ ಕೊಟ್ಟೆ, ಅರ್ಧ ನಿಮಿಷದಲ್ಲಿ ಗುಬ್ಬಿ, ನವಿಲು ಎರಡೂ ಬಂದು ಕೂತವು.

ಹುಡುಗ ಒಂದು ಚೀಟಿ ಬರೆದು ಮಾನಿಟರ್‌ಗೆ ಅಂಟಿಸಿದ್ದಾನೆ: "ಅಪ್‌ಗ್ರೇಡ್ ಹಾಕಿದವರು ಮುಗಿಯುವವರೆಗೆ ಹೋಗಬಾರದು. ಹೋಗಲೇಬೇಕಾದರೆ ಇಲ್ಲಿ ಹೆಸರು, ಸಮಯ ಬರೆಯಿರಿ."

ಕಾಗುಣಿತದ ಹಾಳೆ ಪ್ರಿಂಟ್ ಆಗುತ್ತಿದೆ. ಮಕ್ಕಳು ಮೆಟ್ಟಿಲು ಹತ್ತುವ ಸದ್ದು ಕೇಳುತ್ತಿದೆ, ಹೋಗುತ್ತೇನೆ.